ಲೋಹವೂ ಲೋಹಜ್ಞನೂ

ಯುದ್ಧದ ಪಾಪವು ಕತ್ತಿ ಹಿಡಿದವನದೋ, ಅದಿರನ್ನು ಕರಗಿಸಿ ಉಕ್ಕನ್ನು ಮಾಡಿಕೊಟ್ಟವನದೋ ಎಂಬ ಪ್ರಶ್ನೆಯು ಹೊಸತಲ್ಲ. ಜರ್ಮನಿಯ ವೈದ್ಯನೂ ಖನಿಜಶಾಸ್ತ್ರಜ್ಞನೂ ಆಗಿದ್ದ ಅಗ್ರಿಕೋಲನು, 1556ರಲ್ಲಿ ಪ್ರಕಟವಾದ ತನ್ನ ಗಣಿಶಾಸ್ತ್ರದ ಗ್ರಂಥದ ಮೊದಲ ಭಾಗದಲ್ಲಿಯೇ ಇದನ್ನು ಚರ್ಚಿಸಿದ್ದಾನೆ. ಕೇಡು ಲೋಹದಲ್ಲಿಲ್ಲ, ಅದನ್ನು ಬಳಸುವ ಮನುಷ್ಯನಲ್ಲಿದೆ ಎಂಬುದು ಅವನ ಸಮಾಧಾನ. ನೇಗಿಲ ಗುಳವೂ ಕತ್ತಿಯ ಅಲಗೂ ಒಂದೇ ಕುಲುಮೆಯಲ್ಲಿ ಹುಟ್ಟುವುದನ್ನು ಬಲ್ಲ ನಮಗೆ ಈ ಮಾತು ಒಪ್ಪಿಗೆಯಾಗುವುದು ಸಹಜ. ಆದರೆ ಲೋಹಕ್ಕೆ ದೊರೆತ ಈ ಕ್ಷಮೆಯು ಲೋಹಜ್ಞನಿಗೂ ಸಲ್ಲುವುದೇ? ಲೋಹವು ಜಡ; ಅವನಾದರೋ ತಿಳಿದವನು.

ಮೊದಲನೆಯ ಮಹಾಯುದ್ಧದ ಒಂದು ಸಂಗತಿಯನ್ನು ನೋಡೋಣ. ಬೆಲ್ಜಿಯಂ ದೇಶದ ಮೆಸೀನ್ ದಿಣ್ಣೆಯ ಅಡಿಯಲ್ಲಿ ಬ್ರಿಟಿಷ್ ಪಕ್ಷದ ಸುರಂಗದಳಗಳು ಜೇಡಿಮಣ್ಣನ್ನು ಕೊರೆದು 400 ಟನ್ನಿಗೂ ಮಿಕ್ಕ ಸಿಡಿಮದ್ದನ್ನು ತುಂಬಿದುವು. 1917ನೆಯ ಜೂನ್ 7ರ ನಸುಕಿನಲ್ಲಿ 19 ಸುರಂಗಗಳು ಸಿಡಿದು, ಮೇಲಿದ್ದ ಜರ್ಮನ್ ಸೈನಿಕರು ಕಂದಕಗಳೊಡನೆಯೇ ಮಣ್ಣುಪಾಲಾದರು. ಆಸ್ಟ್ರೇಲಿಯದಲ್ಲಿ ಕಲ್ಲಿದ್ದಲಿನ ನೆಲೆಗಳನ್ನು ಗುರುತಿಸಿದ್ದ ಭೂಶಾಸ್ತ್ರದ ಪ್ರಾಧ್ಯಾಪಕ ಎಜ್‌ವರ್ತ್ ಡೇವಿಡ್ ಎಂಬವರು ಈ ಯುದ್ಧರಂಗದಲ್ಲಿ ಅಂತರ್ಜಲದ ಮಟ್ಟವನ್ನು ಪರೀಕ್ಷಿಸಿ ಸೇನೆಗೆ ಸಲಹೆಯಿತ್ತರು. ಒಲೆಗೆ ಇದ್ದಲನ್ನು ಒದಗಿಸಿದ ವಿದ್ಯೆಯೇ ಇಲ್ಲಿ ಸೈನ್ಯಕ್ಕೂ ದಾರಿ ತೋರಿತು. ಸುರಂಗದಲ್ಲಿ ವಿಷವಾಯು ತುಂಬಿದಾಗ ಉಸಿರಾಟದ ಯಂತ್ರವನ್ನು ತೊಟ್ಟು ಒಳಹೊಕ್ಕು ಸಂಗಡಿಗರನ್ನು ಹೊತ್ತು ತಂದವರೂ ಗಣಿಗಾರರೇ. ವಿದ್ಯೆ ಒಂದು, ವಿನಿಯೋಗ ಎರಡು.

ಹಾಗಾದರೆ ಇಂಜಿನಿಯರನು ಯುದ್ಧಕಾಲದಲ್ಲಿ ಕೈಕಟ್ಟಿ ಕುಳಿತಿರಬೇಕೆ? ದೇಶದ ಮೇಲೆ ಶತ್ರುವು ಏರಿಬಂದಾಗ ಹಾಗೆ ಕುಳಿತರೆ ಅಸಹಾಯಕರ ಪ್ರಾಣಹಾನಿಗೆ ಅವನೂ ಬಾಧ್ಯನಾಗುವನು. ಆದುದರಿಂದ ಅವನು ಕೆಲಸವನ್ನು ಮಾಡಿದನೆಂಬುದೇ ಅಪರಾಧವಲ್ಲ; “ನಾನು ಬರಿಯ ಲೆಕ್ಕ ಹಾಕಿದೆನು, ಆಜ್ಞೆ ಬೇರೆಯವರದು” ಎಂದು ನುಣುಚಿಕೊಳ್ಳುವುದು ಅಪರಾಧ. ಸಿಪಾಯಿಗೆ ಕಾಣುವುದು ಎದುರಿನ ಕಂದಕ, ಸೇನಾಪತಿಗೆ ಕಾಣುವುದು ಭೂಪಟ. ಇಟ್ಟ ಮದ್ದಿನ ಬಲವೆಷ್ಟು, ಅದು ಯಾವ ನೆಲವನ್ನು ಎಷ್ಟು ಕಾಲ ಕಾಡುವುದು ಎಂಬುದನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವನು ಅವನೇ. ಬಲ್ಲವನ ಹೊಣೆ ಬಲ್ಲಷ್ಟೇ ದೊಡ್ಡದು.

ಆ ಹೊಣೆಯು ಸಂಧಿಪತ್ರದೊಡನೆ ತೀರುವುದೂ ಇಲ್ಲ. ಮೆಸೀನಿನಲ್ಲಿ ಸಿಡಿಯದೆ ಉಳಿದಿದ್ದ ಒಂದು ಸುರಂಗವು 1955ರಲ್ಲಿ, 38 ವರ್ಷಗಳ ಬಳಿಕ, ಗುಡುಗುಮಳೆಯ ಸಿಡಿಲಿಗೆ ಸ್ಫೋಟಿಸಿತು. ಹೂತಿಟ್ಟುದನ್ನು ಹೇಳಿಹೋಗುವುದು, ತೆಗೆಯುವುದು, ನೆಲವನ್ನು ಮರಳಿ ನೇಗಿಲಿಗೆ ಒಪ್ಪಿಸುವುದು, ಇವೂ ಅವನ ಯುದ್ಧಕರ್ತವ್ಯಗಳೇ. ಅವನ ವಿದ್ಯೆಯಿಂದ ಬಾಳುವ ನಾವು ಆ ಕೆಲಸಕ್ಕೆ ಹಣವನ್ನೂ ಕಾಲವನ್ನೂ ಕೊಡದೆ ಅವನೊಬ್ಬನನ್ನೇ ದೂರಿದರೆ ಅದು ನ್ಯಾಯವಾಗದು.