ಯಾರ ಕಡೆಯಿಂದ ಬಂತು?

ಅಂಬಾಜಿದುರ್ಗದ ಬೆಟ್ಟದ ಸುತ್ತ, ಚಿಂತಾಮಣಿ ಸೀಮೆಯಲ್ಲಿ, ಮಗುವಿನ ಹಲ್ಲಿನ ಮೇಲೆ ಕಂದು ಕಲೆ ಕಂಡರೆ ಯಾರೂ ಬೆಚ್ಚುವುದಿಲ್ಲ. ‘ಬೋರ್‌ವೆಲ್ ನೀರು’ ಎನ್ನುತ್ತಾರೆ. ಬಹುಪಾಲು ಅದು ನಿಜವೇ. ಕೆರೆಗಳು ಬತ್ತಿದ ಮೇಲೆ ಸಾವಿರ ಅಡಿ ಕೊರೆದೆವು; ಬಂಡೆಯ ಒಡಲಿನ ಫ್ಲೋರೈಡ್ ನೀರಿನೊಡನೆ ಮೇಲೆ ಬಂತು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ಎಳವೆಯಲ್ಲಿ ಕುಡಿಯುತ್ತಾ ಬಂದರೆ, ದವಡೆಯೊಳಗೆ ಇನ್ನೂ ರೂಪುಗೊಳ್ಳುತ್ತಿರುವ ಹಲ್ಲಿನ ಎನಾಮೆಲ್ ಕೆಡುತ್ತದೆ.

ಆದರೆ ಎಲ್ಲ ಕಲೆಯೂ ನೀರಿನದಲ್ಲ. ಡಿಎಸ್‌ಪಿಪಿ ಎಂಬ ಜೀನ್ ಕೆಟ್ಟಿದ್ದರೆ ಎನಾಮೆಲ್ ಕೆಳಗಿನ ಡೆಂಟಿನ್ ಸರಿಯಾಗಿ ಕಟ್ಟಿಕೊಳ್ಳುವುದಿಲ್ಲ. ಹಾಲುಹಲ್ಲಿನಿಂದಲೇ ನೀಲಿಗಂದು ಬಣ್ಣ, ಬೇಗ ಸವೆತ. ಎಕ್ಸ್‌ರೇ ತೆಗೆದರೆ ಬೇರು ಮೋಟು, ಸಪೂರ. ಕಲೆಯಷ್ಟೇ ಅಲ್ಲ, ಹಲ್ಲನ್ನೇ ಉದುರಿಸುವ ವಂಶದ ಕಾಯಿಲೆಗಳೂ ಇವೆ: ಪ್ಯಾಪಿಲ್ಲಾನ್–ಲೆಫೆವ್ರ್ ಎಂಬ ಅಪರೂಪದ ಕಾಯಿಲೆಯಲ್ಲಿ ಅಂಗೈ ಅಂಗಾಲು ದಪ್ಪಗಟ್ಟುತ್ತವೆ, ಒಸಡು ಬಾತು, ಹುಳುಕಿಲ್ಲದ ಹಲ್ಲುಗಳೂ ಬಾಲ್ಯದಲ್ಲೇ ಉದುರುತ್ತವೆ.

ವಂಶದ ಕಾಯಿಲೆ ಎಂದು ತಿಳಿದೊಡನೆ ಮನೆಯಲ್ಲಿ ಪ್ರಶ್ನೆ ಏಳುತ್ತದೆ: ಯಾರ ಕಡೆಯಿಂದ ಬಂತು? ಬೆರಳು ತಾಯಿಯ ತವರಿನತ್ತಲೇ ತಿರುಗುತ್ತದೆ. ಆದರೆ ಪ್ಯಾಪಿಲ್ಲಾನ್–ಲೆಫೆವ್ರ್ ಬರಲು ಕೆಟ್ಟ ಜೀನಿನ ಒಂದು ಪ್ರತಿ ತಾಯಿಯಿಂದ, ಇನ್ನೊಂದು ತಂದೆಯಿಂದ ಬರಬೇಕು. ಸೋದರಮಾವನಿಗೋ ಅತ್ತೆಯ ಮಗನಿಗೋ ಕೊಟ್ಟ ಮದುವೆಗಳಲ್ಲಿ ಅವೆರಡೂ ಕೂಡುವ ಸಂಭವ ಹೆಚ್ಚು. ಆ ಸಂಬಂಧ ಕುದುರಿಸಿದ ಹಿರಿಯರು ಸುಮ್ಮನಿರುತ್ತಾರೆ, ಬೈಗುಳವೆಲ್ಲ ಹೆತ್ತವಳಿಗೆ.

ನನಗೆ ಸಂಕಟವಾಗುವುದು ಇಲ್ಲೇ. ಜೀನನ್ನು ಯಾರೂ ಆರಿಸಿಕೊಂಡು ಹುಟ್ಟುವುದಿಲ್ಲ, ಆದರೂ ನಾಚಿಕೆಯನ್ನು ಅಲ್ಲಿ ಹೊರಿಸುತ್ತೇವೆ. ಕೆರೆಯಲ್ಲಿ ಹೂಳು ತುಂಬಲು ಬಿಟ್ಟದ್ದು, ಪಾತಾಳದ ನೀರೆತ್ತಿ ಮಕ್ಕಳಿಗೆ ಕುಡಿಸಿದ್ದು ನಾವೇ ಮಾಡಿದ್ದು. ಅದಕ್ಕಾಗಿ ತಲೆ ತಗ್ಗಿಸಿದವರನ್ನು ನಾನು ಕಂಡಿಲ್ಲ. ಹೆಣ್ಣು ನೋಡಲು ಬಂದವರೆದುರು ತುಟಿ ಬಿಗಿದು ಕೂರಬೇಕಾದವಳು ಮಾತ್ರ ಹಲ್ಲಿನಲ್ಲಿ ಕಲೆಯಿರುವ ಹುಡುಗಿ, ಕಲೆ ನೀರಿನದಾಗಲಿ ವಂಶದ್ದಾಗಲಿ.

‘ನೀರಿನದೇ ಬಿಡಿ’ ಎಂಬ ಮಾತಿನಿಂದಲೂ ಕೇಡಿದೆ. ಡೆಂಟಿನ್ ದೋಷವಿರುವ ಮಗುವಿಗೆ ಹಲ್ಲು ಸವೆಯುವ ಮೊದಲೇ ಕ್ಯಾಪ್ ಹಾಕಿಸಿದರೆ ಅಗಿಯುವ ಶಕ್ತಿ ಉಳಿಯುತ್ತದೆ. ತಡವಾದರೆ ಒಸಡಿನ ಮಟ್ಟಕ್ಕೆ ಸವೆದುಹೋಗುತ್ತದೆ. ಬೇಗ ಉದುರುವ ಹಲ್ಲನ್ನೂ ಹೀಗೆ ತಳ್ಳಿಹಾಕಬಾರದು. ಹಾಲುಹಲ್ಲು ಬೀಳುವ ಹೊತ್ತಿಗೆ ಅದರ ಬೇರು ಕರಗಿರಬೇಕು. ಐದು ವರ್ಷದೊಳಗೆ, ಪೆಟ್ಟೇನೂ ಬೀಳದೆ, ಬೇರು ಸಮೇತ ಉದುರಿದರೆ ಅದು ಹೈಪೋಫಾಸ್ಫಟೇಸಿಯಾ ಎಂಬ ಮೂಳೆರೋಗದ ಮೊದಲ ಸುಳಿವಾಗಿರಬಹುದು. ಅಂಥ ಹಲ್ಲನ್ನು ಮನೆಯ ಸೂರಿನ ಮೇಲೆ ಎಸೆಯದೆ, ಕಾಗದದಲ್ಲಿ ಸುತ್ತಿ ದಂತವೈದ್ಯರಿಗೆ ತೋರಿಸಿ, ಮಗುವಿನ ರಕ್ತದಲ್ಲಿ ಆಲ್ಕಲೈನ್ ಫಾಸ್ಫಟೇಸ್ ಎಷ್ಟಿದೆ ಎಂದು ಪರೀಕ್ಷೆ ಮಾಡಿಸಬೇಕು.