ಫಲ ಸಾಕ್ಷಿ ಹೇಳುವುದಿಲ್ಲ

ಫಲದ ಮೇಲೆ ನಮಗೆ ಅಧಿಕಾರವಿಲ್ಲವೆಂಬ ಗೀತೆಯ ಬೋಧೆಯನ್ನು ನಾವು ಬಳಸುವುದು ಹೆಚ್ಚಾಗಿ ಸೋತವರ ಸಮಾಧಾನಕ್ಕೆ. ಪರೀಕ್ಷೆಯಲ್ಲಿ ಫೇಲಾದ ಹುಡುಗನಿಗೆ ಹೇಳುತ್ತೇವೆ, ಬೆಳೆ ಕೈಕೊಟ್ಟ ರೈತನಿಗೆ ಹೇಳುತ್ತೇವೆ. ಗೆದ್ದು ಬಂದವರಿಗೆ ಯಾರೂ ಹೇಳುವುದಿಲ್ಲ. ಮೊದಲು ಹೇಳಬೇಕಾದ್ದು ಅವರಿಗೇ ಎಂದು ನನಗೆ ಅನ್ನಿಸಿದ್ದು ಗುಲ್ಮಾರ್ಗ್‌ನ ಹಿಮದಲ್ಲಿ.

ಅಲ್ಲಿನ ಗೊಂಡೋಲಾ ಎಂಬ ಕೇಬಲ್ ಕಾರ್ ಅಫರ್ವಾಟ್ ಬೆಟ್ಟದಲ್ಲಿ ಸುಮಾರು 3,950 ಮೀಟರ್ ಎತ್ತರಕ್ಕೆ ಒಯ್ದು ಬಿಡುತ್ತದೆ. ಕಾವಲಿರುವ ಹಾದಿ ಬಿಟ್ಟಿರೋ, ಆಮೇಲೆ ನಿಮ್ಮ ಜೀವಕ್ಕೆ ನೀವೇ ಹೊಣೆ. ರಾತ್ರಿಯಿಡೀ ಬೀಸಿದ ಗಾಳಿ ಏಣಿನ ಮರೆಯ ಇಳಿಜಾರಿಗೆ ಹಿಮ ತಂದು ಗಟ್ಟಿ ಪದರವಾಗಿ ಕೂರಿಸಿತ್ತು. ಹಿಮಕುಸಿತ ಹೆಚ್ಚಾಗಿ ಆಗುವುದು 30ರಿಂದ 45 ಡಿಗ್ರಿಯ ಇಳಿಜಾರಿನಲ್ಲಿ. ಇದು 35ರ ಆಸುಪಾಸಿನದು. ಆ ಪದರ ನಿಲ್ಲುತ್ತದೆಯೇ ಎಂದು ನೋಡಲು ಗೈಡ್ ಗುಂಡಿ ತೋಡಿ, ಒಂದಡಿ ಚದರದ ಹಿಮದ ಕಂಬ ಕಡಿದು ನಿಲ್ಲಿಸಿದರು. ಅದರ ಮೇಲೆ ಸಲಿಕೆ ಇಟ್ಟು ಮಣಿಕಟ್ಟಿನಿಂದ ಹತ್ತು, ಮೊಣಕೈಯಿಂದ ಹತ್ತು, ಭುಜದಿಂದ ಹತ್ತು ಪೆಟ್ಟು ತಟ್ಟುವುದು ಪದ್ಧತಿ. ಭುಜದವರೆಗೆ ಹೋಗಲೇ ಇಲ್ಲ. ಮೊಣಕೈಯ ಮೂರನೇ ಪೆಟ್ಟಿಗೆ ಕಂಬ ಅಡ್ಡಕ್ಕೆ ಬಿರಿದು, ಮೇಲಿನ ಭಾಗ ಮುಂದಕ್ಕೆ ಜಾರಿತು. ಕೆಳಗಿದ್ದದ್ದು ಒಂದಕ್ಕೊಂದು ಅಂಟದ, ಸಕ್ಕರೆಯಂಥ ಹರಳು. ವಾಪಸ್ ಹೊರಟೆವು.

ಅಷ್ಟರಲ್ಲಿ ಇನ್ನೊಂದು ತಂಡ ಅದೇ ಇಳಿಜಾರಿನಲ್ಲಿ ಸ್ಕೀ ಮಾಡುತ್ತಾ ಇಳಿಯಿತು. ಏನೂ ಆಗಲಿಲ್ಲ. ಸಂಜೆ ಕಾವಾ ಕುಡಿಯುವಾಗ ಅವರಲ್ಲೊಬ್ಬ, "ನಿಮ್ಮ ಗುಂಡಿ ಸುಳ್ಳು ಹೇಳಿತಲ್ಲ!" ಎಂದು ನಕ್ಕ. ಫೋನಿನಲ್ಲಿ ಇದನ್ನು ಕೇಳಿದ ಅಮ್ಮ, "ಪಾಪ, ಆ ಮಕ್ಕಳನ್ನ ಆಂಜನೇಯನೇ ಕಾಪಾಡಿದ" ಅಂದಳು. ನಕ್ಕವನಿಗೆ ಫಲವೇ ಜಾಣತನದ ಪುರಾವೆ, ಅಮ್ಮನಿಗೆ ಅದೇ ಕೃಪೆಯ ಪುರಾವೆ.

ನನಗೆ ಎರಡೂ ಒಪ್ಪಿಗೆಯಿಲ್ಲ. ಇಳಿಜಾರಿನ ಉದ್ದಕ್ಕೂ ಹಿಮ ಒಂದೇ ಸಮ ಕೂತಿರುವುದಿಲ್ಲ. ಮೇಲಿನ ಪದರ ದಪ್ಪವಿದ್ದಲ್ಲಿ ಐದು ಜನ ದಾಟಿಬಿಡಬಹುದು. ತೆಳುವಿದ್ದಲ್ಲಿ ಕಾಲಿಟ್ಟ ಆರನೆಯವನ ಭಾರಕ್ಕೆ ಇಡೀ ಇಳಿಜಾರೇ ಕಳಚೀತು. ಐವರು ಸುಖವಾಗಿ ದಾಟಿದ್ದರಿಂದ ಆರನೆಯವನು ಕಲಿಯುವುದು ಧೈರ್ಯವನ್ನು ಮಾತ್ರ. ಇಂಥ ವಿಹಾರಗಳಲ್ಲಿ ಹಿಮದಡಿ ಸಿಕ್ಕವರಲ್ಲಿ ಬಹುಪಾಲು ಜನರ ಮೇಲೆ ಹಿಮ ಉರುಳಿಸಿದ್ದು ಅವರದೇ, ಇಲ್ಲವೇ ಜೊತೆಗಾರರದೇ ಹೆಜ್ಜೆ.

ಕೃಪೆಯ ಲೆಕ್ಕ ಇನ್ನೂ ಕಠಿಣ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹತ್ತು ಸೈನಿಕರು ಹಿಮದಡಿ ಸಿಕ್ಕಿದರು. ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನಗಳ ಮೇಲೆ ಜೀವಂತ ಸಿಕ್ಕಾಗ ನಾವೆಲ್ಲ ಪವಾಡ ಎಂದೆವು, ಅವರಿಗಾಗಿ ಪ್ರಾರ್ಥಿಸಿದೆವು. 11ರಂದು ಅವರೂ ತೀರಿಕೊಂಡರು. ಉಳಿದ ಒಂಬತ್ತು ಮಂದಿ ಆಗಲೇ ಮಡಿದಿದ್ದರು. ಬದುಕಿದ್ದು ಕೃಪೆಯ ತೀರ್ಪು ಎನ್ನುವುದಾದರೆ ಆ ಹತ್ತು ಮನೆಗಳಿಗೆ ಏನು ಹೇಳೋಣ? ಅವರ ಪ್ರಾರ್ಥನೆ ಕಮ್ಮಿ ಬಿತ್ತು ಎಂದೇ?

ಫಲದ ಮೇಲೆ ಅಧಿಕಾರವಿಲ್ಲ ಎಂದಮೇಲೆ ಅದನ್ನು ಸಾಕ್ಷಿಗೆ ಕರೆಯುವ ಅಧಿಕಾರವೂ ಇಲ್ಲ. ನಾನು ಗೀತೆಯನ್ನು ಹಾಗೆ ಓದಿಕೊಳ್ಳುತ್ತೇನೆ. ಹೆಜ್ಜೆ ಎತ್ತುವ ಮೊದಲು ಏನೇನು ನೋಡಿದೆ, ಏನು ತಿಳಿದಿತ್ತು, ನನ್ನ ಹಿಂದೆ ಯಾರ ಜೀವವಿತ್ತು? ಸರಿತಪ್ಪಿನ ವಿಚಾರಣೆ ಅಷ್ಟರಲ್ಲೇ ಮುಗಿಯಬೇಕು. ಅಮ್ಮ ಹರಕೆ ಹೊರಲಿ, ನಾನು ಬೇಡ ಅನ್ನುವುದಿಲ್ಲ. ಹೊರಡುವ ಮುಂಚೆ ದೇವರನ್ನು ಬೇಡಿಕೊಳ್ಳುವುದು ಬೇರೆ, ಬಂದ ಮೇಲೆ ಅವನ ಹೆಸರಿನಲ್ಲಿ ಹುಂಬತನಕ್ಕೆ ಸರ್ಟಿಫಿಕೇಟ್ ಬರೆದುಕೊಳ್ಳುವುದು ಬೇರೆ.