ಒಪ್ಪತ್ತಿನ ದಿನದ ಮಾತ್ರೆ

ಚಿತ್ರದುರ್ಗದ ಕೋಟೆಯ ಅಕ್ಕ ತಂಗಿ ಹೊಂಡದ ಬಳಿ ಬೆಳಿಗ್ಗೆ ಏಳೂವರೆಗೆ ಬಿಸಿಲು ಇನ್ನೂ ಬಂಡೆಗಳ ನೆತ್ತಿಯಲ್ಲೇ ಇರುತ್ತದೆ. ನೀರಿನ ಮೇಲೆ ತಣ್ಣನೆಯ ನೆರಳು. ಅಲ್ಲಿ ಕೂತು ದಿನಾ ಹೊಸದುರ್ಗ ತಾಲ್ಲೂಕಿನ ನಮ್ಮೂರಿಗೆ ಫೋನ್ ಮಾಡುತ್ತೇನೆ.

"ಅವ್ವ, ತಿಂದ್ಯಾ?"

"ಹ್ಞೂಂ, ನವಣೆ ಉಪ್ಪಿಟ್ಟು."

"ಮಾತ್ರೆ?"

"ತಟ್ಟೆ ಮುಂದಿಟ್ಕಂಡೇ ತಗಂಡೆ ಕಣಪ್ಪ."

ಈ ಮಾತು ಕಿವಿಗೆ ಬಿದ್ದ ಮೇಲೆಯೇ ನಾನು ಎದ್ದು ಮನೆ ಕಡೆ ಹೆಜ್ಜೆ ಹಾಕುವುದು.

ಎರಡು ವರ್ಷದ ಹಿಂದೆ, ಶ್ರಾವಣದ ಒಂದು ಸೋಮವಾರ ನಾನು ಊರಲ್ಲಿದ್ದೆ. ಅವ್ವನಿಗೆ ಅಂದು ಒಪ್ಪತ್ತು. ಸಂಜೆ ಪೂಜೆ ಮುಗಿಸಿಯೇ ಊಟ. ಮಾತ್ರೆ ಮಾತ್ರ ಬೆಳಿಗ್ಗೆಯೇ ನುಂಗಿದ್ದಳು. ಒಂದು ದಿನವೂ ತಪ್ಪಿಸಬಾರದು ಎಂದು ಕೇಳಿದ್ದನ್ನು ವ್ರತದಷ್ಟೇ ನಿಷ್ಠೆಯಿಂದ ಪಾಲಿಸುವವಳು ಅವಳು. ಹನ್ನೊಂದರ ಹೊತ್ತಿಗೆ ಜಗುಲಿಯ ಮೇಲೆ ಕೂತು ಮೊರದಲ್ಲಿ ಹೆಸರುಕಾಳು ಹಸನು ಮಾಡುತ್ತಿದ್ದಳು. ಕೈ ನಿಂತಿತು. ಬೆರಳು ಸಣ್ಣಗೆ ನಡುಗಿ ನಾಲ್ಕು ಕಾಳು ಮಡಿಲಿಗೆ ಉದುರಿದವು. ಮೇಲ್ದುಟಿಯ ಮೇಲೆ ಬೆವರಿನ ಹನಿ. ನನ್ನ ಕಡೆ ತಿರುಗಿ ಕೇಳಿದಳು: "ಯಾವಾಗ ಬಂದ್ಯೋ? ಎತ್ತಿಗೆ ನೀರು ಕುಡಿಸಿದ್ಯಾ?"

ನಮ್ಮ ಮನೆಯಲ್ಲಿ ಎತ್ತು ಇಲ್ಲವಾಗಿ ಇಪ್ಪತ್ತು ವರ್ಷವಾಗಿತ್ತು. ಅವಳು ಮಾತಾಡುತ್ತಿದ್ದುದು ಎಂದೋ ತೀರಿಕೊಂಡ ತನ್ನ ತಮ್ಮನ ಜೊತೆ. ಅವ್ವನಿಗೆ ಮರೆವಿನ ಕಾಯಿಲೆ ಶುರುವಾಯಿತು ಎಂದುಕೊಂಡು ನಾನು ಕಂಬ ಹಿಡಿದು ನಿಂತುಬಿಟ್ಟೆ. ಪಕ್ಕದ ಮನೆಯ ಆಶಾ ಕಾರ್ಯಕರ್ತೆ ಓಡಿ ಬಂದು ಅವ್ವನ ಕೈ ಮುಟ್ಟಿ, "ಶುಗರ್ ಇಳಿದೈತೆ, ಸಕ್ಕರೆ ತನ್ನಿ" ಎಂದರು. ಬೆರಳು ಚುಚ್ಚಿ ನೋಡಿದರೆ 48. ನುಂಗುವಷ್ಟು ಎಚ್ಚರ ಇದ್ದುದರಿಂದ ಮೂರು ಚಮಚ ಸಕ್ಕರೆ ಕದಡಿದ ನೀರನ್ನು ಗುಟುಕು ಗುಟುಕಾಗಿ ಕುಡಿಸಿದರು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಸೀದಾ ಆಸ್ಪತ್ರೆಗೆ ಒಯ್ಯಬೇಕಿತ್ತು. ಕಾಲು ಗಂಟೆ ಕಳೆಯುವುದರೊಳಗೆ ಅವ್ವ ನನ್ನ ಹೆಸರು ಹಿಡಿದು ಕರೆದಳು.

ಮಿದುಳಿನ ತೂಕ ಮೈತೂಕದಲ್ಲಿ ನೂರಕ್ಕೆ ಎರಡು ಪಾಲು. ಸುಮ್ಮನೆ ಕೂತಾಗಲೂ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಅದು ತೆಗೆದುಕೊಳ್ಳುವುದು ಸುಮಾರು ಇಪ್ಪತ್ತು ಪಾಲು. ಅಷ್ಟು ದುಡಿದರೂ ಅದಕ್ಕೆ ಹೇಳಿಕೊಳ್ಳುವಂಥ ಕಣಜ ಇಲ್ಲ. ರಕ್ತ ತಂದುಕೊಟ್ಟ ಗ್ಲೂಕೋಸ್‌ನಲ್ಲೇ ಆ ಗಳಿಗೆಯ ಬಾಳು. ಸಕ್ಕರೆ ಕಾಯಿಲೆಗೆಂದು ಅವ್ವ ನುಂಗುವ ಗ್ಲಿಮೆಪಿರೈಡ್ ಮಾತ್ರೆ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತದೆ, ಹೊಟ್ಟೆಗೆ ಅನ್ನ ಬಿದ್ದಿರಲಿ ಬಿಡಲಿ. ಮಾತ್ರೆಗೆ ಸೋಮವಾರ ಗೊತ್ತಿಲ್ಲ. ವಯಸ್ಸಾದವರಲ್ಲಿ ಸಕ್ಕರೆ ಹೀಗೆ ತೀರಾ ಕುಸಿಯುವುದಕ್ಕೂ ಮುಂದೆ ಬರುವ ಮರೆವಿಗೂ ನಂಟು ಇರುವುದನ್ನು ಅಧ್ಯಯನಗಳು ಕಂಡಿವೆ. ಹಾಗೆಂದು ಮಾತ್ರೆ ಬಿಟ್ಟರೆ, ವರ್ಷಗಟ್ಟಲೆ ಏರಿ ನಿಂತ ಸಕ್ಕರೆ ಅದೇ ಮಿದುಳಿನ ರಕ್ತನಾಳಗಳನ್ನು ಹಾಳು ಮಾಡುತ್ತದೆ. ರಂಜಾನ್ ಉಪವಾಸಕ್ಕೆ ಮುಂಚೆ ವೈದ್ಯರನ್ನು ಕಂಡು ಮಾತ್ರೆಯ ಹೊತ್ತು, ಪ್ರಮಾಣ ಬದಲಿಸಿಕೊಳ್ಳುವವರನ್ನು ನಾನು ಕಂಡಿದ್ದೇನೆ. ನಮ್ಮ ಸೋಮವಾರ, ಏಕಾದಶಿಗಳಿಗೆ ಆ ಮಾತನ್ನು ನಾವು ಕೇಳಿಯೇ ಇರಲಿಲ್ಲ.

ಅವಳ ಇನ್ನೊಂದು ಮಾತ್ರೆ ಮೆಟ್‌ಫಾರ್ಮಿನ್. 1957ರಲ್ಲಿ ಫ್ರಾನ್ಸ್‌ನ ವೈದ್ಯ ಜಾನ್ ಸ್ಟೆರ್ನ್ ಮಧುಮೇಹಕ್ಕೆ ಬಳಸಿದ ಹಳೆಯ, ನಂಬಿಕಸ್ಥ ಔಷಧಿ. ವರ್ಷಾನುಗಟ್ಟಲೆ ತೆಗೆದುಕೊಂಡವರಲ್ಲಿ ಕರುಳು ಬಿ12 ಜೀವಸತ್ವವನ್ನು ಹೀರುವುದು ತಗ್ಗಬಹುದು. ಮುದ್ದೆ, ಸೊಪ್ಪಿನ ಸಾರು ಎಷ್ಟೇ ಒಳ್ಳೆಯದಾದರೂ ಬಿ12 ಅದರಲ್ಲಿಲ್ಲ. ಹಾಲು, ಮೊಸರು, ಮೊಟ್ಟೆ, ಮಾಂಸದಲ್ಲಿದೆ. ಅದು ಕಡಿಮೆಯಾದರೆ ಪಾದ ಜುಮುಗುಡುತ್ತದೆ, ಮನಸ್ಸು ಮಂಕಾಗುತ್ತದೆ, ನೆನಪು ಜಾರುತ್ತದೆ. ರಕ್ತ ಪರೀಕ್ಷೆಯಲ್ಲಿ ತಿಳಿದು, ಹೊತ್ತಿಗೆ ತುಂಬಿಕೊಟ್ಟರೆ ಎಷ್ಟೋ ಮಟ್ಟಿಗೆ ಸರಿಹೋಗುವಂಥದ್ದು. "ವಯಸ್ಸಾಯ್ತಲ್ಲ" ಎಂದು ನಾವು ಪಕ್ಕಕ್ಕಿಡುವ ಎಷ್ಟು ಮರೆವುಗಳಲ್ಲಿ ಇದೂ ಸೇರಿದೆಯೋ ಎಂದು ನೆನೆದರೆ ಸಂಕಟವಾಗುತ್ತದೆ.

ಈಗ ಸಕ್ಕರೆ ಕಾಯಿಲೆಗೂ ತೂಕ ಇಳಿಸಲೂ ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಔಷಧಿಗಳ ಮಾತು ಎಲ್ಲೆಡೆ. 2025ರ ಮಾರ್ಚ್‌ನಲ್ಲಿ ಟಿರ್ಜೆಪಟೈಡ್, ಜೂನ್‌ನಲ್ಲಿ ತೂಕ ಇಳಿಸಲೆಂದೇ ಸೆಮಾಗ್ಲುಟೈಡ್ ಭಾರತಕ್ಕೆ ಬಂದವು. ಉಂಡಾಗ ನಮ್ಮ ಕರುಳು ಜಿಎಲ್‌ಪಿ‑1 ಎಂಬ ಹಾರ್ಮೋನನ್ನು ಸುರಿಸುತ್ತದೆ. ಆ ಸುದ್ದಿ ನರದ ದಾರಿಯಲ್ಲಿ, ರಕ್ತದ ದಾರಿಯಲ್ಲಿ ಮಿದುಳಿಗೆ ಮುಟ್ಟುತ್ತದೆ. ಈ ಕೋಟೆಯಲ್ಲಿ ಗೋಪಾಲಸ್ವಾಮಿ ಹೊಂಡ ತುಂಬಿ ಹರಿದದ್ದು ಕೆಳಗಿನ ಅಕ್ಕ ತಂಗಿ ಹೊಂಡಕ್ಕೆ ಗೊತ್ತಾಗುವ ಹಾಗೆ. ಕರುಳಿನದು ಕೆಲವೇ ನಿಮಿಷದಲ್ಲಿ ಕರಗುವ ಸುದ್ದಿ. ಚುಚ್ಚುಮದ್ದು ಅದೇ ಸುದ್ದಿಯನ್ನು ವಾರವಿಡೀ ಹೇಳುತ್ತಿರುತ್ತದೆ. ಹಸಿವು, ತೃಪ್ತಿಗಳನ್ನು ನೋಡಿಕೊಳ್ಳುವ ಮಿದುಳಿನ ಭಾಗಗಳು ಅದನ್ನು ಕೇಳಿಸಿಕೊಳ್ಳುತ್ತವೆ. ಊಟದ ಯೋಚನೆ ತಲೆಯೊಳಗೆ ಒಂದೇ ಸಮನೆ ಗುಂಯ್‌ಗುಡುತ್ತಿದ್ದವರು ಅದು ನಿಂತಿತೆನ್ನುತ್ತಾರೆ. ಕೆಲವರಿಗೆ ಕುಡಿತದ ಚಪಲವೂ ತಗ್ಗುತ್ತದೆಯೇ ಎಂಬ ಪರೀಕ್ಷೆಗಳು ನಡೆದಿವೆ. ಮನಸ್ಸು ಕುಗ್ಗಿ ಸಾವಿನ ಯೋಚನೆ ಬರುತ್ತದೆ ಎಂಬ ಅಂಜಿಕೆಯನ್ನು ಪರಿಶೀಲಿಸಿದ ಯುರೋಪಿನ ಔಷಧ ಸಂಸ್ಥೆ 2024ರಲ್ಲಿ, ಔಷಧಿಯೇ ಕಾರಣ ಎನ್ನಲು ಆಧಾರವಿಲ್ಲ ಎಂದಿತು. ಅಲ್ಝೈಮರ್ಸ್ ನಿಧಾನವಾದೀತು ಎಂಬ ಆಸೆಯೂ ಇತ್ತು. 2025ರ ನವೆಂಬರ್‌ನಲ್ಲಿ ಎರಡು ದೊಡ್ಡ ಪರೀಕ್ಷೆಗಳ ಫಲ ಬಂದು, ಸೆಮಾಗ್ಲುಟೈಡ್ ಮಾತ್ರೆಯಿಂದ ಅದು ಆಗಲಿಲ್ಲ ಎಂದು ತಿಳಿಯಿತು.

ಅಕ್ಕಮಹಾದೇವಿ ಹಸಿವನ್ನು ಎದುರಿಗೆ ನಿಲ್ಲಿಸಿಕೊಂಡು ಮಾತಾಡಿಸಿದವಳು. ಅವ್ವನೂ ಸೋಮವಾರ ಸೋಮವಾರ ಅದಕ್ಕೆ "ಸಂಜೆಯವರೆಗೆ ತಾಳು" ಎನ್ನುತ್ತಾ ಬಂದವಳು. ಹಸಿವು ಕರೆಯುತ್ತದೆ, ಮನಸ್ಸು ತಡೆಯುತ್ತದೆ, ಆ ತಡೆಯುವುದರಲ್ಲೇ ಅವಳ ಭಕ್ತಿ. ಕರೆಯೇ ಕೇಳಿಸದಂತೆ ಮಾಡುವ ಚುಚ್ಚುಮದ್ದಿನ ಬಗ್ಗೆ ನನಗೆ ಮೊದಮೊದಲು ಮುನಿಸಿತ್ತು. ಈಗಿಲ್ಲ. ಎಲ್ಲರ ಹಸಿವೂ ಒಂದೇ ದನಿಯಲ್ಲಿ ಕರೆಯುವುದಿಲ್ಲ. ಕೆಲವರಿಗೆ ಉಂಡೆದ್ದ ಮೇಲೂ ಅದು ಕೂಗುತ್ತಲೇ ಇರುತ್ತದೆ, ಹುಟ್ಟಿನಿಂದ. ಅವರನ್ನು ನಾವು ಬಾಯಿಚಪಲದವರು ಎಂದು ಹಂಗಿಸಿದೆವು. ಅದು ನಾವು ಮಾಡಿದ ತಪ್ಪು.

ಆ ಸೋಮವಾರದ ನಂತರ ವೈದ್ಯರು ಅವ್ವನ ಮಾತ್ರೆಯ ಪ್ರಮಾಣ ತಗ್ಗಿಸಿದರು. ಬಿ12 ಕಡಿಮೆಯಿತ್ತು, ಅದಕ್ಕೂ ಔಷಧಿ ಕೊಟ್ಟರು. ಒಪ್ಪತ್ತು ಬಿಡು ಎಂದು ನಾನು ಹೇಳಲಾರದೆ ಒದ್ದಾಡುತ್ತಿದ್ದಾಗ ಅವಳೇ, "ಶಿವನಿಗೆ ಹೇಳಿ ಬಂದಿದೀನಿ, ಇನ್ಮೇಲೆ ಉಂಡೇ ಪೂಜೆ" ಎಂದಳು.

ಮೊನ್ನೆ ಫೋನಿನಲ್ಲಿ ಕೇಳಿದಳು: "ಅವತ್ತು ನಾನು ಎತ್ತಿನ ವಿಷಯ ಕೇಳಿದ್ನಂತೆ, ಹೌದಾ?" ಹೌದು ಎಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ನಿಧಾನಕ್ಕೆ ಹೇಳತೊಡಗಿದಳು. ಅವಳ ತಮ್ಮ ಹಿರಿಯೂರಿನ ಕಡೆಯಿಂದ ಒಂದು ಎತ್ತು ಹೊಡೆದುಕೊಂಡು ಬಂದಿದ್ದನಂತೆ, ಮೈಯೆಲ್ಲ ಬಿಳಿ, ಎಡಗಿವಿಯ ತುದಿ ಮಾತ್ರ ಕಪ್ಪು. ದಾರಿಯುದ್ದಕ್ಕೂ ಅದಕ್ಕೆ ನೀರು ಸಿಕ್ಕಿರಲಿಲ್ಲವಂತೆ. ನಾನು ಫೋನು ಹಿಡಿದು ಕೂತೇ ಇದ್ದೆ, ಬಿಸಿಲು ಬಂಡೆಯಿಂದ ಇಳಿದು ನೀರಿಗೆ ಬಂದಿತ್ತು.